ಮಜ್ಜಿಗೆ ಬರುವ ಮುನ್ನ

“ನಿನಗಿರೋದು ಹೊಟ್ಟೆನೋವಲ್ಲ ಕಣೇ, ಹೊಟ್ಟೆಕಿಚ್ಚು. ನನ್ನ ಮೊಮ್ಮಗನ ನಾಮಕರಣ ಚೆನ್ನಾಗಿ ಆಗಬಾರದು ಅಂತಾನೇ ಎದ್ದೆ ನೀನು.”

“ಬಾಯಿ ಮುಚ್ಚಕ್ಕ. ಎಲೆ ಮೇಲಿನ ಒಬ್ಬಟ್ಟಿಗೆ ಇಷ್ಟು ಅಳ್ತೀಯ. ಹಿತ್ತಲಲ್ಲಿ ನಾನು ಗೋಡೆ ಹಿಡ್ಕೊಂಡು ಒದ್ದಾಡಿದ್ದು ಕಾಣಿಸ್ಲಿಲ್ವ ನಿನ್ನ ಕಣ್ಣಿಗೆ?”

“ಕಾಣಿಸ್ದೇ ಏನು, ಊರಿಗೆ ಊರೇ ನೋಡ್ತು. ಪಂಕ್ತಿ ಪೂರ್ತಿ ತುತ್ತು ಕೈಯಲ್ಲಿ ಹಿಡ್ಕೊಂಡು ಕಂಬದ ಥರ ನಿಂತಿತ್ತು. ನಮ್ಮ ಬೀಗರು ಪಾಯಸಾನ ಅಂಗಿ ಮೇಲೆ ಚೆಲ್ಕೊಂಡ್ರು. ದೊಡ್ಡಾಸ್ಪತ್ರೇಲಿ ಎಲ್ಲಾ ಟೆಸ್ಟ್ ಮಾಡಿ ಏನೂ ಇಲ್ಲ ಅಂದಿಲ್ವ? ಏನೂ ಇಲ್ಲದ ಹೊಟ್ಟೇಲಿ ಏನೇ ನೋಯುತ್ತೆ?”

“ನಿನ್ನ ತಲೇಲೂ ಏನೂ ಇಲ್ಲ. ಆದ್ರೂ ನಿನಗೆ ತಲೆನೋವು ಬರಲ್ವ?”

ಅಷ್ಟು ಹೇಳಬಾರದಿತ್ತೇನೋ. ಹೇಳಿ ಆಗಿತ್ತು. ಚೆನ್ನಾಜಮ್ಮ ನನ್ನ ಗಂಡನ ಅಕ್ಕ. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಎತ್ತಿ ಆಡಿಸಿ ದೊಡ್ಡವನನ್ನು ಮಾಡಿದವಳು. ಅವಳ ಎದುರು ನನ್ನ ಗಂಡ ಮರಿಸ್ವಾಮಿ ಇವತ್ತಿಗೂ ದನಿ ಎತ್ತಿದವನಲ್ಲ. ಆ ದಿನವೂ ಅಂಗಳದಲ್ಲಿ ನಮ್ಮಿಬ್ಬರ ನಡುವೆ ನಿಂತು ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ.

ಚೆನ್ನಾಜಮ್ಮ ಸೆರಗು ಸಿಕ್ಕಿಸಿಕೊಂಡಳು. “ಇವತ್ತಿಂದು ಹಾಳಾಗಿಹೋಗ್ಲಿ. ಮುಂದಿನ ವಾರ ಇಂದೂನ ಕೂಡೂಟ ಇದೆ. ತಾಯಿ ಜಾಗದಲ್ಲಿ ನಾನು ಕೂರ್ತೀನಿ. ನೀನು ನಿನ್ನ ಗಿರಣೀಲೇ ನಿಂತಿರು. ಮಗಳ ಮದುವೆ ಆಗಬೇಕು ಅನ್ನೋ ಆಸೆ ಇದ್ರೆ,” ಎಂದಳು.

ನಾನು ತಿರುಗಿ ಮನೆಯ ದಾರಿ ಹಿಡಿದೆ. ಜಗಳ ಅರ್ಧಕ್ಕೆ ಬಿಟ್ಟು ಬರುವವಳಲ್ಲ ನಾನು. ಅವಳು ಹೇಳಿದ್ದರಲ್ಲಿ ಅರ್ಧ ಸರಿಯೇ ಇತ್ತು, ಅದಕ್ಕೆ.

ನಮ್ಮೂರಿನಲ್ಲಿ ಒಂದೇ ಚಾಪೆಯ ಮೇಲೆ ಕೂತವರಲ್ಲಿ ಒಬ್ಬರು ಎದ್ದರೆ ಎಲ್ಲರೂ ಏಳುತ್ತಾರೆ. ಮರ್ಯಾದೆಗೆ ಏಳುವುದಲ್ಲ. ಮೊಣಕಾಲು ಯಾರ ಮಾತೂ ಕೇಳದೆ ನೆಟ್ಟಗಾಗುತ್ತದೆ, ಮನುಷ್ಯ ಎದ್ದು ನಿಂತಿರುತ್ತಾನೆ. ಬೆಂಚಿಗೂ ಹೀಗೇ, ಜಗಲಿಗೂ ಹೀಗೇ. ಹುಟ್ಟಿದಾಗಿನಿಂದ ಇದನ್ನೇ ಕಂಡಿದ್ದರಿಂದ ನಮಗೆ ಇದು ವಿಚಿತ್ರ ಅನ್ನಿಸುವುದಿಲ್ಲ. ಸ್ಕೂಲಿನಲ್ಲಿ ಒಂದು ಮಗುವಿಗೆ ಒಂದಕ್ಕೆ ಬಂದರೆ ಬೆಂಚಿಗೆ ಬೆಂಚೇ ಎದ್ದು ಹೋಗಿ ಬರುತ್ತದೆ. ಬಸ್ಸಿನಲ್ಲಿ ಪಕ್ಕ ಕೂರುವ ಮೊದಲು “ನೀವು ಎಲ್ಲಿ ಇಳೀತೀರಿ?” ಎಂದು ಕೇಳುವುದು ನಮ್ಮಲ್ಲಿ ನಮಸ್ಕಾರ ಇದ್ದಂತೆ. ಟೆಂಟ್ ಸಿನಿಮಾದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸ್ಟೂಲು. ಆಸ್ಪತ್ರೆಯಲ್ಲಿ ಬೆಂಚಿದ್ದರೂ ರೋಗಿಗಳು ನಿಂತೇ ಇರುತ್ತಾರೆ. ಕೂತರೆ, ಒಬ್ಬೊಬ್ಬರ ಹೆಸರು ಕೂಗಿದಾಗಲೆಲ್ಲ ಎದ್ದು ಕೂತು ಸಾಕಾಗುತ್ತದೆ.

ಹೀಗಾಗಿ ನಮ್ಮ ಜನ ತಡೆದುಕೊಳ್ಳುವುದರಲ್ಲಿ ಬಲು ಗಟ್ಟಿ. ಕೆಮ್ಮು, ತುರಿಕೆ, ಮೂತ್ರ, ಸೊಂಟನೋವು, ಎಲ್ಲವನ್ನೂ ಚಾಪೆಯ ಮೇಲೆ ಕೂತು ನುಂಗುತ್ತಾರೆ. ನುಂಗಿದವರಿಗೆ ಒಳ್ಳೆಯ ಹೆಸರು. ನುಂಗಲಾರದವರಿಗೆ ಒಂಟಿ ಚಾಪೆ. ಒಬ್ಬರು ಮಾತ್ರ ಕೂರುವಷ್ಟು ಅಗಲದ ಅದು ಎಲ್ಲರ ಮನೆಯ ಅಟ್ಟದಲ್ಲೂ ಒಂದು ಇರುತ್ತದೆ, ಕುಡುಕರಿಗೆ, ಜಗಳಗಂಟರಿಗೆ. ಅದರ ಮೇಲೆ ಕೂತವರಿಗೆ ಎರಡನೇ ಸಲ ಅನ್ನ ಬೇಕೇ ಎಂದು ಯಾರೂ ಕೇಳುವುದಿಲ್ಲ. ಅವರು ಪಂಕ್ತಿಯ ಲೆಕ್ಕಕ್ಕಿಲ್ಲ.

ಇನ್ನು ಕೂಡೂಟ. ಗಂಡಿನವರು, ಹೆಣ್ಣಿನವರು ಒಂದೇ ಚಾಪೆಯ ಮೇಲೆ ಕೂತು ಎಲೆಗೆ ಉಪ್ಪು ಹಾಕಿದ್ದರಿಂದ ಹಿಡಿದು ಮಜ್ಜಿಗೆಯ ತನಕ ಏಳದೆ ಉಣ್ಣಬೇಕು. ಉಂಡರೆ ಸಂಬಂಧ ಗಟ್ಟಿಯಾಯಿತು. ಮಜ್ಜಿಗೆಗಿಂತ ಮುಂಚೆ ಪಂಕ್ತಿ ಎದ್ದರೆ ಆ ಮಾತು ಅಲ್ಲಿಗೇ ಮುಗಿಯಿತು. ಯಾಕೆ ಎದ್ದಿರಿ ಎಂದು ಯಾರೂ ಕೇಳುವುದಿಲ್ಲ. ನಮ್ಮ ಕೇರಿಯ ಒಬ್ಬ ಮಾವ ತೊಡೆಯ ಮೇಲೆ ಚೇಳು ಹತ್ತಿದರೂ ಅಲ್ಲಾಡದೆ ಕೂತು ಮಗಳ ಮದುವೆ ಉಳಿಸಿಕೊಂಡದ್ದನ್ನು ಇವತ್ತಿಗೂ ಹಾಡಿ ಹೊಗಳುತ್ತಾರೆ. ನನಗೆ ಆ ಮಾವನ ಮೇಲೆ ಹೊಟ್ಟೆಕಿಚ್ಚು. ಅವನ ಚೇಳು ಒಂದು ಸಲ ಕುಟುಕಿ ಇಳಿದುಹೋಯಿತಲ್ಲ.

ನನ್ನದು ಇಳಿದುಹೋಗುವಂಥದ್ದಲ್ಲ. ಮಗಳು ಇಂದು ಚಿಕ್ಕವಳಿದ್ದಾಗ ಶುರುವಾದದ್ದು. ಎಡಗಡೆ ಕಿಬ್ಬೊಟ್ಟೆಯಲ್ಲಿ ಒದ್ದೆ ಬಟ್ಟೆಯನ್ನು ಹಿಂಡಿದಂತೆ ನೋವು ಬರುತ್ತದೆ. ಹಿಂದೆಯೇ ಹೊಟ್ಟೆ ಡೋಲಿನಂತೆ ಉಬ್ಬುತ್ತದೆ. ಆಮೇಲೆ ಹಿತ್ತಲಿಗೆ ಓಡಲೇಬೇಕು, ಆ ಕ್ಷಣವೇ. ಹೋಗಿ ಬಂದರೆ ಸ್ವಲ್ಪ ಸಡಿಲ. ಅರ್ಧ ಗಂಟೆಗೆ ಮತ್ತೆ. ಇನ್ನು ಕೆಲವು ವಾರ ಹೊಟ್ಟೆ ಮುಷ್ಕರ ಹೂಡಿದಂತೆ ಏನನ್ನೂ ಬಿಡುವುದಿಲ್ಲ. ದೊಡ್ಡಾಸ್ಪತ್ರೆಗೆ ಹೋದೆವು. ರಕ್ತ ನೋಡಿದರು, ಸ್ಕ್ಯಾನ್ ಮಾಡಿದರು, ನಳಿಕೆ ಬಿಟ್ಟು ಒಳಗೂ ನೋಡಿದರು. ಎಲ್ಲಾ ನಾರ್ಮಲ್ ಎಂದರು. ಆ ಮಾತು ಕೇಳಿ ಮರಿಸ್ವಾಮಿ ದೇವರಿಗೆ ಕೈ ಮುಗಿದ. ನನಗೆ ಮಾತ್ರ ಆ ಕಾಗದವನ್ನು ಹರಿದು ಅವರ ಮುಖಕ್ಕೆ ಎಸೆಯಬೇಕು ಅನ್ನಿಸಿತು.

ಆಮೇಲೆ ನಾನು ನಿಂತೇ ಬದುಕುವುದನ್ನು ಕಲಿತೆ. ಹಿಟ್ಟಿನ ಗಿರಣಿ ನಮ್ಮದು, ಅಲ್ಲಿ ಹೇಗೂ ನಿಂತೇ ಕೆಲಸ. ಮನೆಯಲ್ಲಿ ಒಲೆಯ ಪಕ್ಕ ನಿಂತು ಉಣ್ಣುತ್ತಿದ್ದೆ. ಗಂಡ, ಮಗಳು ಚಾಪೆಯ ಮೇಲೆ ಕೂತು ಉಣ್ಣುತ್ತಿದ್ದರು. “ಬಾರಮ್ಮ, ಒಂದು ದಿನ ಜೊತೇಲಿ ಕೂತ್ಕೊ,” ಎಂದು ಇಂದು ಕರೆದಾಗಲೆಲ್ಲ “ನನಗೆ ಕೂತರೆ ಗಂಟಲಲ್ಲಿ ಇಳಿಯಲ್ಲ” ಎಂದು ಗದರುತ್ತಿದ್ದೆ. ನನ್ನಿಂದಾಗಿ ಬಿಸಿ ಅನ್ನದ ಮುಂದಿನಿಂದ ಮತ್ತೆ ಮತ್ತೆ ಏಳುವುದು ಅವಳಿಗೆ ಅಭ್ಯಾಸವಾಗಬಾರದಲ್ಲ.

ನಮ್ಮೂರಿನ ಸಣ್ಣ ಆಸ್ಪತ್ರೆಗೆ ಹೊಸ ಡಾಕ್ಟರಮ್ಮ ಬಂದ ಮೇಲೆ ಸ್ವಲ್ಪ ದಾರಿ ಕಂಡಿತು. ಮೊದಲ ದಿನ ಹೋದಾಗಲೇ ಹೇಳಿದ್ದೆ, “ಎಲ್ಲಾ ನಾರ್ಮಲ್ ಅನ್ನೋದಾದ್ರೆ ಈಗಲೇ ಹೇಳ್ಬಿಡಿ, ನಾನು ಹೊರಟೆ.”

“ರಿಪೋರ್ಟು ನಾರ್ಮಲ್. ನೀವಲ್ಲ,” ಎಂದಳು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು. ಕರುಳಿಗೆ ಗಾಯವಿಲ್ಲ, ಗಡ್ಡೆಯಿಲ್ಲ. ಆದರೆ ಅದು ಸಿಡುಕು ಕರುಳು. ಬೇರೆಯವರ ಕರುಳು ಸುಮ್ಮನೆ ಬಿಟ್ಟುಬಿಡುವ ಸಣ್ಣ ಸಂಗತಿಗೂ ಇದು ಎಗರಾಡುತ್ತದೆ.

“ಅಂದ್ರೆ ನನ್ನ ಥರಾನೇ,” ಎಂದೆ.

ನಕ್ಕಳು. “ನಿಮ್ಮನ್ನ ಹೇಗೆ ಸಂಭಾಳಿಸ್ತಾರೋ ಅದನ್ನೂ ಹಾಗೇ ಸಂಭಾಳಿಸ್ಬೇಕು. ಪೂರ್ತಿ ಹೋಗುತ್ತೆ ಅಂತ ಸುಳ್ಳು ಹೇಳಲ್ಲ. ಹತೋಟಿಗೆ ಬರುತ್ತೆ.”

ಅವತ್ತು ಆಸ್ಪತ್ರೆಯ ಮೆಟ್ಟಿಲ ಹತ್ತಿರ ನಿಂತು ಅತ್ತೆ. ಗುಣವಾಗುವುದಿಲ್ಲ ಎಂದಳಲ್ಲ ಎಂದು ಅತ್ತದ್ದಲ್ಲ. ಕಾಯಿಲೆ ಇದೆ ಎಂದು ಒಬ್ಬರಾದರೂ ಒಪ್ಪಿಕೊಂಡರಲ್ಲ ಎಂದು.

ಒಂದೊಂದೇ ಪದಾರ್ಥ ಬಿಟ್ಟು ನೋಡು, ಮತ್ತೆ ತಿಂದು ನೋಡು ಎಂದಿದ್ದಳು. ನೋಡಿದೆ. ಈರುಳ್ಳಿ ಆಗದು, ಅವರೆಕಾಳು ಆಗದು, ಹಾಲು ಆಗದು, ಮಜ್ಜಿಗೆ ಆಗುತ್ತದೆ. ಎಲ್ಲಕ್ಕಿಂತ ತಮಾಷೆ ಎಂದರೆ ಗೋಧಿ ಆಗದು. ಊರಿಗೆಲ್ಲ ಗೋಧಿ ಬೀಸಿ ಕೊಡುವವಳು ನಾನು. ನನ್ನ ಪಕ್ಕದ ಮನೆಯವಳಿಗೂ ಇದೇ ಕಾಯಿಲೆ ಇದ್ದಿದ್ದರೆ ಅವಳಿಗೆ ಬೇರೆ ಏನೋ ಆಗದಿರಬಹುದು, ಡಾಕ್ಟರಮ್ಮ ಅದನ್ನೂ ಹೇಳಿದ್ದಳು. ಹೊತ್ತಿಗೆ ಸರಿಯಾಗಿ ಸ್ವಲ್ಪ ಸ್ವಲ್ಪ ಉಣ್ಣುವುದು, ಬೆಳಗ್ಗೆ ಕೆರೆಯ ಏರಿ ಮೇಲೆ ನಡೆಯುವುದು, ನೋವು ಬಂದಾಗ ಬಿಸಿನೀರಿನ ಚೀಲ, ಹಿಂಡುವುದು ಜಾಸ್ತಿಯಾದರೆ ಒಂದು ಮಾತ್ರೆ. ಇಷ್ಟರಿಂದಲೇ ತಿಂಗಳಲ್ಲಿ ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳೇ ಹೆಚ್ಚಾಗಿದ್ದವು.

ಆದರೆ ಯಾರದಾದರೂ ಮನೆಯ ಪಂಕ್ತಿಗೆ ಕೂರಬೇಕು ಎಂದ ಕೂಡಲೇ ನನ್ನ ಬುದ್ಧಿಯೆಲ್ಲ ಮಣ್ಣು ಮುಕ್ಕುತ್ತಿತ್ತು. ಹಿಂದಿನ ದಿನವೇ ಊಟ ಬಿಡುತ್ತಿದ್ದೆ. ಒಳಗೆ ಏನೂ ಇಲ್ಲದಿದ್ದರೆ ಹೊರಗೆ ಏನು ಬಂದೀತು ಎಂಬ ಲೆಕ್ಕ. ನಮ್ಮೂರಿನಲ್ಲಿ ಬಹಳ ಜನ ಹೀಗೇ ಮಾಡುತ್ತಾರೆ. ಚೆನ್ನಾಜಮ್ಮನ ಮೊಮ್ಮಗನ ನಾಮಕರಣಕ್ಕೂ ಉಪವಾಸವಿದ್ದು ಹೋಗಿ, ಹಸಿದ ಕರುಳಿಗೆ ಗೋಧಿ ಒಬ್ಬಟ್ಟನ್ನು ತುಪ್ಪದ ಸಮೇತ ಇಳಿಸಿದ್ದೆ. ಬಡಿಸುವಾಗ ಚೆನ್ನಾಜಮ್ಮ “ನಮ್ಮನೇದು ತಿಂದ್ರೆ ಏನಾಗುತ್ತೆ ನಿಂಗೆ?” ಎಂದಿದ್ದಳು. ಏನಾಯಿತೆಂದು ಆಮೇಲೆ ಎಲ್ಲರಿಗೂ ಗೊತ್ತಾಯಿತು.

ಜಗಳದ ಮಾರನೇ ದಿನ ಡಾಕ್ಟರಮ್ಮನ ಮುಂದೆ ನಿಂತು, “ಒಂದು ಗಂಟೆ ಹೊಟ್ಟೆ ಸತ್ತುಬೀಳೋ ಅಂಥ ಮಾತ್ರೆ ಕೊಡಿ. ಆಮೇಲೆ ಏನಾದ್ರೂ ಆಗ್ಲಿ,” ಎಂದೆ.

“ಅಂಥದ್ದು ಇಲ್ಲ. ನಾಮಕರಣದ ಹಿಂದಿನ ದಿನ ಏನು ತಿಂದಿದ್ರಿ?”

“ಏನೂ ಇಲ್ಲ.”

“ಅದಕ್ಕೇ. ಕೂಡೂಟದ ದಿನ ಬೆಳಗ್ಗೆ ದಿನಾ ತಿನ್ನೋದನ್ನೇ ತಿನ್ನಿ. ಹಿಂಡೋದಕ್ಕೆ ಮುಂಚೆ ಈ ಮಾತ್ರೆ ತಗೊಳ್ಳಿ. ಮತ್ತೆ ಇನ್ನೊಂದು ಮಾತು. ಏಳಬಾರದು, ಏಳಬಾರದು ಅಂತ ಕೂತ್ರೆ ಹೊಟ್ಟೆ ಅದನ್ನೇ ಕೇಳಿಸ್ಕೊಳ್ತಾ ಇರುತ್ತೆ. ಎದ್ದರೆ ಏನು ಮಾಡ್ತೀನಿ ಅಂತ ಮೊದಲೇ ಯೋಚನೆ ಮಾಡ್ಕೊಂಡು ಕೂತ್ಕೊಳ್ಳಿ.”

“ಎದ್ದರೆ ಮದುವೆ ಮುರೀತದೆ ಡಾಕ್ಟರಮ್ಮ, ಇದರಲ್ಲಿ ಯೋಚನೆ ಮಾಡೋದು ಏನಿದೆ?” ಎಂದು ರೇಗಿದೆ. ಅವಳು ಹೊರಗಿನಿಂದ ಬಂದವಳು, ಅವಳಿಗೇನು ಗೊತ್ತು ಎಂದುಕೊಂಡು ಮನೆಗೆ ಬಂದೆ.

ಮನೆಯಲ್ಲಿ ಇಂದುವಿಗೆ ಹೇಳಿದೆ, “ನಿಮ್ಮತ್ತೇನೇ ಕೂತ್ಕೊಳ್ಳಿ ಬಿಡು. ನಾನು ಒಳಗೆ ಬಡಿಸೋದು ನೋಡ್ಕೊಳ್ತೀನಿ.”

ಅವಳು ಸೋಮುವನ್ನು ಮೆಚ್ಚಿಕೊಂಡಿದ್ದಳು. ಬಸ್ಸಿನಲ್ಲಿ “ನೀವು ಎಲ್ಲಿ ಇಳೀತೀರಿ?” ಎಂದು ಕೇಳಿದಲ್ಲಿಂದ ಶುರುವಾದ ಪರಿಚಯ. ಅವಳು ಇಳಿಯುವ ಜಾಗವೇ ತನ್ನದೂ ಎಂದು ಸುಳ್ಳು ಹೇಳಿ, ತನ್ನ ಸ್ಟಾಪು ಬಿಟ್ಟು ಮುಂದೆ ಹೋಗಿದ್ದನಂತೆ. ಈ ಸಂಬಂಧ ಮುರಿದರೆ ಅವಳ ಮುಖ ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ಆದರೆ ಅವಳು ಕಾಯಿ ತುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

“ಅಮ್ಮ, ಬುದ್ಧಿ ಬಂದಾಗಿಂದ ನೀನು ಮನೇಲಿ ಕೂತು ಉಂಡಿದ್ದು ನಾನು ನೋಡಿಲ್ಲ. ಅವತ್ತೂ ನೀನು ಕೂರದೇ ಹೋದ್ರೆ ನಾನೂ ಕೂರಲ್ಲ. ನೀನೇ ಯೋಚನೆ ಮಾಡು,” ಎಂದು ಮತ್ತೆ ತುರಿಯತೊಡಗಿದಳು. ಹಟ ನನ್ನದೇ, ಬೇರೆ ಯಾರದು.

ಆ ದಿನ ಬೆಳಗ್ಗೆ ರಾಗಿ ಅಂಬಲಿ ಕುಡಿದೆ. ಏರಿ ಮೇಲೆ ನಡೆದೆ. ಸೋಮುವಿನ ಕಡೆಯವರು ಬಂದರು. ಅವನ ತಂದೆ ಓಂಕಾರಪ್ಪನವರು ಬಸ್ ಡ್ರೈವರ್ ಆಗಿ ನಿವೃತ್ತಿಯಾದವರು, ನಡೆಯುವಾಗ ಸ್ವಲ್ಪ ಬಲಕ್ಕೆ ವಾಲುತ್ತಿದ್ದರು. ತಾಯಿ ಮಿತಮಾತಿನವರು. ಜೊತೆಗೆ ಅವನ ಅಜ್ಜಿ, ಒಂದಿಷ್ಟು ನೆಂಟರು. ಚೆನ್ನಾಜಮ್ಮ ರೇಷ್ಮೆ ಸೀರೆ ಉಟ್ಟು ಬಂದಳು. ಕಂಕುಳಲ್ಲಿ ಸುರುಳಿ ಸುತ್ತಿದ ಒಂಟಿ ಚಾಪೆ. ಎಲ್ಲರೆದುರಿಗೆ ಅದನ್ನು ಅಡುಗೆಮನೆಯ ಬಾಗಿಲ ಬಳಿ ಹಾಸಿ, “ಭದ್ರ, ನೀನು ಇಲ್ಲಿ ಕೂತ್ಕೊ. ಹಾಯಾಗಿ ಬೇಕಾದಾಗ ಏಳಬಹುದು,” ಎಂದಳು.

ನಡುಮನೆಯ ಮೂರು ಗೋಡೆಗೂ ಸುತ್ತಿ ಬರುವಷ್ಟು ಉದ್ದದ ಪಂಕ್ತಿಚಾಪೆ ಹಾಸಿತ್ತು. ನಾನು ಒಂಟಿ ಚಾಪೆಯನ್ನು ದಾಟಿ ಹೋಗಿ, ಪಂಕ್ತಿಯಲ್ಲಿ ತಾಯಿಯ ಜಾಗದಲ್ಲಿ ಕೂತೆ. ಚೆನ್ನಾಜಮ್ಮ ಹಲ್ಲು ಕಚ್ಚಿಕೊಂಡು ತಮ್ಮನ ಪಕ್ಕ ಕೂತಳು. ಉಪ್ಪು ಬಡಿಸಿದರು.

ಕೋಸಂಬರಿ ಬಂದಾಗ ಏನೂ ಇರಲಿಲ್ಲ. ಪಲ್ಯ ಬಂದಾಗಲೂ ಇರಲಿಲ್ಲ. ಪಾಯಸ ಬಂದಿತು, ನಾನು ಎಲೆಗೆ ಕೈ ಅಡ್ಡ ಹಿಡಿದು ಬೇಡವೆಂದೆ. “ಪಾಯಸ ಬ್ಯಾಡ ಅನ್ನಬಾರದು, ಶುಭಕಾರ್ಯ,” ಎಂದಳು ಚೆನ್ನಾಜಮ್ಮ. ಎಲ್ಲರೂ ನನ್ನತ್ತ ತಿರುಗಿದರು. ಅಷ್ಟೇ ಸಾಕಾಯಿತು. ಕಿಬ್ಬೊಟ್ಟೆಯಲ್ಲಿ ಯಾರೋ ಬಟ್ಟೆಯ ತುದಿ ಹಿಡಿದರು. ಮಾತ್ರೆ ತೆಗೆದುಕೊಂಡಿದ್ದೆ, ಅದೂ ಪಾಪ ತನ್ನ ಕೆಲಸ ಮಾಡುತ್ತಿತ್ತು ಎಂದು ಕಾಣುತ್ತದೆ. ಹಿಂಡುವುದು ನಿಧಾನವಾಗಿ ಶುರುವಾಯಿತು. ಅನ್ನ ಬಂತು, ಹುಳಿ ಬಂತು. ಬೆನ್ನಿನಲ್ಲಿ ತಣ್ಣನೆ ಬೆವರಿಳಿಯಿತು. ಇನ್ನು ಸಾರು, ಆಮೇಲೆ ಮಜ್ಜಿಗೆ. ಇಂದು ತುತ್ತು ಎತ್ತದೆ ನನ್ನನ್ನೇ ನೋಡುತ್ತಿದ್ದಳು.

ಮುಖ ತಪ್ಪಿಸಲೆಂದು ಎದುರಿಗೆ ನೋಡಿದೆ. ಓಂಕಾರಪ್ಪನವರ ಹಣೆಯ ಮೇಲೂ ಬೆವರು. ಎಡಗೈಯನ್ನು ಹಿಂದಕ್ಕೆ ಕೊಟ್ಟು ಸೊಂಟವನ್ನು ಒತ್ತಿ ಹಿಡಿದಿದ್ದರು. ತುಟಿ ಬಿಳಿಚಿತ್ತು. ಅವರ ಪಕ್ಕದ ಅಜ್ಜಿ ಕಣ್ಣು ಮುಚ್ಚಿ, ತೊಡೆಗೆ ತೊಡೆ ಒತ್ತಿ, ಬಾಯಲ್ಲಿ ಏನೋ ಜಪಿಸುತ್ತಿತ್ತು. ಆ ಮುಖ ನನಗೆ ಗೊತ್ತು. ನಾನು ಕನ್ನಡಿಯಲ್ಲಿ ದಿನಾ ನೋಡುವ ಮುಖ. ಸಾಲಿನ ಉದ್ದಕ್ಕೂ ನೋಡುತ್ತ ಹೋದೆ. ಊಟದ ರುಚಿ ಹತ್ತಿದ ಮುಖ ಒಂದೂ ಇರಲಿಲ್ಲ. ಎಲ್ಲರೂ ಮಜ್ಜಿಗೆಗಾಗಿ ಕಾಯುತ್ತಿದ್ದರು, ಅಷ್ಟೇ.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಸಿಟ್ಟು ಬಂದಾಗ ನನಗೆ ಮಾತು ಸರಾಗವಾಗಿ ಬರುತ್ತದೆ.

“ಓಂಕಾರಪ್ಪೋರೇ, ನಾನು ಈಗ ಏಳ್ತೀನಿ,” ಎಂದೆ. “ನನಗೆ ಕರುಳಿನ ಕಾಯಿಲೆ ಇದೆ. ಅಂಟೋದಲ್ಲ, ಸಾಯಿಸೋದಲ್ಲ, ಪೂರ್ತಿ ಹೋಗೋದೂ ಅಲ್ಲ. ಬಂದಾಗ ತಡ್ಕೊಳ್ಳೋಕಾಗಲ್ಲ. ನಿಮಗೆ ಮೊದ್ಲೇ ಹೇಳಬೇಕಿತ್ತು, ಹೇಳ್ಲಿಲ್ಲ. ಸಂಬಂಧ ಬ್ಯಾಡ ಅನ್ನೋದಾದ್ರೆ ನನ್ನ ಮೇಲೆ ಹೇಳಿ, ನನ್ನ ಮಗಳ ಮೇಲೆ ಬ್ಯಾಡ. ತುತ್ತು ಕೈಯಲ್ಲಿರೋರು ಕೆಳಗೆ ಇಟ್ಬಿಡಿ.”

“ಕೂತ್ಕೊಳ್ಳೇ,” ಎಂದು ಚೆನ್ನಾಜಮ್ಮ ಕಿರುಚಿದಳು. ನಾನು ಎದ್ದೆ. ಪಂಕ್ತಿ ಎದ್ದಿತು. ನಾನು ಹಿತ್ತಲಿಗೆ ಓಡಿದೆ.

ಅಲ್ಲಿ ಬಾಗಿಲು ಹಾಕಿಕೊಂಡು ಕೂತೆ. ಎಲ್ಲಾ ಮುಗಿಯಿತು ಎಂದುಕೊಂಡೆ. ನೋವು ಸಡಿಲವಾಗುತ್ತಿದ್ದಂತೆ ಕಣ್ಣಲ್ಲಿ ನೀರು ತುಂಬಿಕೊಂಡಿತು. ಆಗ ಬಾಗಿಲನ್ನು ಯಾರೋ ಮೆಲ್ಲಗೆ ತಟ್ಟಿದರು.

“ಆಯ್ತೇನವ್ವ?” ಅಜ್ಜಿಯ ದನಿ. “ಬೇಗ ಬಾರವ್ವ. ಏಳಬೇಕಾಗುತ್ತೆ ಅಂತ ಬೆಳಗ್ಗೆಯಿಂದ ಒಂದು ತೊಟ್ಟು ನೀರು ಬಾಯಿಗೆ ಬಿಟ್ಟಿಲ್ಲ ನಾನು. ಆದ್ರೂ ಬರುತ್ತಲ್ಲ, ಏನ್ಮಾಡ್ಲಿ.”

ಕೈಕಾಲು ತೊಳೆದು ಹೊರಗೆ ಬಂದರೆ ಅಜ್ಜಿಯ ಹಿಂದೆ ಸೋಮುವಿನ ಸೋದರಮಾವ, ಅವನ ಹಿಂದೆ ಬಸುರಿಯೊಬ್ಬಳು, ಅವಳ ಹಿಂದೆ ನಮ್ಮ ಕಡೆಯವರೇ ಇಬ್ಬರು ಸಾಲಾಗಿ ನಿಂತಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಆಮೇಲೆ ಬಸುರಿ ಕಿಸಕ್ಕನೆ ನಕ್ಕಳು. ಎಲ್ಲರೂ ನಕ್ಕರು.

ನಡುಮನೆಯಲ್ಲಿ ಓಂಕಾರಪ್ಪನವರು ಗೋಡೆಗೆ ಬೆನ್ನು ಆನಿಸಿ, ಒಂದು ಕಾಲು ಮುಂದಿಟ್ಟು, ಕಣ್ಣು ಮುಚ್ಚಿ ನಿಂತಿದ್ದರು. “ಅಯ್ಯಪ್ಪಾ,” ಎಂದು ಉದ್ದಕ್ಕೆ ಉಸಿರು ಬಿಟ್ಟರು. “ಇಡೀ ಜೀವಮಾನ ಬಸ್ಸು ಓಡಿಸಿ ಡಿಸ್ಕು ಹೋಗಿದೆ ಕಣಮ್ಮ. ಮೂವರು ತಂಗೀರ ಕೂಡೂಟದಲ್ಲಿ ಹಲ್ಲು ಕಚ್ಕೊಂಡು ಕೂತಿದ್ದೆ. ಆಮೇಲೆ ಪ್ರತಿ ಸಲ ವಾರಗಟ್ಟಲೆ ಹಾಸಿಗೆ. ಇವತ್ತೂ ಹಾಗೇ ಅಂದ್ಕೊಂಡಿದ್ದೆ.”

“ಅದೆಲ್ಲ ಸರಿ. ಮಜ್ಜಿಗೆಗೆ ಮುಂಚೆ ಪಂಕ್ತಿ ಎದ್ದಾಯ್ತು. ಇನ್ನೇನಿದೆ, ನಡೀರಿ,” ಎಂದಳು ಚೆನ್ನಾಜಮ್ಮ.

ಸೋಮು ಇಂದುವಿನ ಕಡೆ ನೋಡುತ್ತಿದ್ದ. ಓಂಕಾರಪ್ಪನವರು ಸೊಂಟ ತಿಕ್ಕಿಕೊಳ್ಳುತ್ತ, “ದಾರೀಲಿ ಹೋಟ್ಲ ಹತ್ರ ಬಸ್ಸು ನಿಲ್ಲಿಸ್ತಿದ್ದೆ. ಎಲ್ರೂ ಇಳೀತಿದ್ರು, ಎಲ್ರೂ ಹತ್ತುತಿದ್ರು. ಊರು ತಲುಪಲ್ಲ ಅಂತ ಯಾರೂ ಅಂದಿದ್ದಿಲ್ಲ,” ಎಂದರು. “ಒಬ್ಬರನ್ನ ಬಿಟ್ಟು ಹೊರಟಿದ್ರೆ ತಪ್ಪು. ನಾವು ಯಾರನ್ನೂ ಬಿಟ್ಟಿಲ್ಲವಲ್ಲ. ಇಂದು, ಎದ್ದ ಎಲೆಗೆ ಕೂರೋ ಹಾಗಿಲ್ಲ. ಬೇರೆ ಎಲೆ ಇದ್ದಾವೇನವ್ವ?”

ಅವಳು ಆಗಲೇ ಹಳೆಯ ಎಲೆಗಳನ್ನು ಎತ್ತತೊಡಗಿದ್ದಳು. ಸೋಮು ಚಾಪೆಯ ಇನ್ನೊಂದು ತುದಿ ಹಿಡಿದು ಕೊಡವಿದ. ಓಂಕಾರಪ್ಪನವರ ಬೆನ್ನಿಗೆ ನಾನು ಗೋಧಿ ಹಿಟ್ಟಿನ ಒಂದು ಮೂಟೆ ಎಳೆದು ತಂದು ಒರಗಿಸಿದೆ. ನನಗಾಗದ ಗೋಧಿ ಅವರ ಸೊಂಟಕ್ಕಾದರೂ ಆಗಲಿ. ಅಜ್ಜಿ ಎರಡು ಲೋಟ ನೀರು ಕುಡಿದು, “ಬೇಕಾದ್ರೆ ಇನ್ನೊಂದ್ಸಲ ಎದ್ರಾಯ್ತು ಬಿಡ್ರೋ,” ಎಂದು ಕೂತಿತು. ಎಲ್ಲರೂ ಕೂತೆವು. ಮತ್ತೆ ಉಪ್ಪಿನಿಂದ ಶುರುವಾಯಿತು. ಈ ಸಲ ಜನ ಮಾತಾಡುತ್ತ ಉಂಡರು. ಹೊಟ್ಟೆ ಇನ್ನೂ ಸಣ್ಣಗೆ ಗೊಣಗುತ್ತಲೇ ಇತ್ತು. ಗೊಣಗಿಕೊಳ್ಳಲಿ ಎಂದು ಬಿಟ್ಟೆ. ಏಳಬೇಕಾದರೆ ಏಳುತ್ತೇನೆ ಎಂದುಕೊಂಡ ಮೇಲೆ ಏಳಬೇಕಾಗಿ ಬರಲಿಲ್ಲ.

ಚೆನ್ನಾಜಮ್ಮ ಮಾತ್ರ ಪಂಕ್ತಿಗೆ ಕೂರಲಿಲ್ಲ. “ಎದ್ದು ಬಂದೋರ ಸಾಲಲ್ಲಿ ನಾನು ಕೂರೋಳಲ್ಲ,” ಎಂದು, ನನಗೆಂದು ತಾನೇ ಹಾಸಿದ್ದ ಒಂಟಿ ಚಾಪೆಯ ಮೇಲೆ ಹೋಗಿ ಕೂತಳು. ಇಂದು ಅಲ್ಲಿಗೂ ಎಲೆ ಹಾಕಿಸಿದಳು, ಬಡಿಸುವವರಿಗೆ ಹೇಳಿ ಅನ್ನ ಹಾಕಿಸಿದಳು, ಬೇಕೇ ಎಂದು ಎರಡನೇ ಸಲವೂ ಕೇಳಿಸಿದಳು. ಚೆನ್ನಾಜಮ್ಮ ಎಲೆ ಮುಟ್ಟಲಿಲ್ಲ. ಸಾರು ಮುಗಿಯುವ ಹೊತ್ತಿಗೆ ಧಡಕ್ಕನೆ ಎದ್ದಳು.

“ಮರಿ, ನಡಿ,” ಎಂದಳು ತಮ್ಮನಿಗೆ. “ಇನ್ನು ಈ ಮನೇಲಿ ನನಗೇನು ಕೆಲಸ?”

ನಮ್ಮ ಮೊಣಕಾಲು ಅಲುಗಲಿಲ್ಲ. ಆದರೆ ಮರಿಸ್ವಾಮಿ ನಮ್ಮ ಚಾಪೆಯ ಮೇಲಿದ್ದ. ಅವನು ಎದ್ದರೆ ಇಡೀ ಪಂಕ್ತಿ ಮತ್ತೆ ಏಳುತ್ತಿತ್ತು. ಅಕ್ಕ ಕರೆದು ಅವನು ಏಳದಿದ್ದ ದಿನ ನನ್ನ ನೆನಪಿನಲ್ಲಿಲ್ಲ. ಅವನ ಕೈ ನೆಲಕ್ಕೆ ಊರಿತು. ಇಂದು ಉಸಿರು ಹಿಡಿದಳು. ಅವನು ನನ್ನ ಎಲೆಯನ್ನು ನೋಡಿದ. ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ ನನ್ನನ್ನು ನೋಡಿದ. ಊರಿದ್ದ ಕೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ.

“ಮಜ್ಜಿಗೆ ಬರ್ಲಿ,” ಎಂದ.

ಚೆನ್ನಾಜಮ್ಮ ಹೊಸಿಲು ದಾಟಿದಳು. ದಾಟಿ ಒಮ್ಮೆ ತಿರುಗಿ ನೋಡಿದಳು, ಯಾರಾದರೂ ಎದ್ದಿದ್ದಾರೇನೋ ಎಂದು. ಎಲ್ಲರೂ ಕೂತೇ ಇದ್ದೆವು. ಮದುವೆಗೆ ನಾನೇ ಹೋಗಿ ಕರೆದೆ, ಹಬ್ಬಕ್ಕೂ ಹೇಳಿ ಕಳಿಸಿದೆ. ಅವಳು ಬರಲಿಲ್ಲ.